ಊರು ಕಾಯುವವರ ನಿದ್ರೆ

ಆಷಾಢದ ಮೋಡಗಳು ಪಡುವಣ ದಿಕ್ಕಿನಲ್ಲಿ ಕಟ್ಟತೊಡಗಿದೊಡನೆ ಮಲಪ್ರಭೆಯ ದಂಡೆಯ ನಮ್ಮ ಊರುಗಳಲ್ಲಿ ಒಂದು ಬಗೆಯ ಕಾಯಕ ಆರಂಭವಾಗುತ್ತದೆ. ನವಿಲುತೀರ್ಥ ಜಲಾಶಯಕ್ಕೆ ಒಳಹರಿವು ಎಷ್ಟು, ಹೊರಗೆ ಬಿಟ್ಟ ಕ್ಯೂಸೆಕ್ ಎಷ್ಟು ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಹಗ್ಗ, ಲಾರಿಯ ಟ್ಯೂಬು, ಟಾರ್ಚು, ಸೀಟಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವೆಲ್ಲ ಅಟ್ಟದಿಂದ ಕೆಳಗಿಳಿಯುತ್ತವೆ. ಯಾವ ಓಣಿಯಲ್ಲಿ ಬಸುರಿಯರಿದ್ದಾರೆ, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆ ಎಂಬ ಪಟ್ಟಿಯನ್ನು ಸ್ವಯಂಸೇವಕರು ಹೊಸದಾಗಿ ಬರೆದುಕೊಳ್ಳುತ್ತಾರೆ. ಶ್ರೀಮಠದ ಪ್ರಸಾದ ನಿಲಯದ ಕೀಲಿಕೈಯ ಒಂದು ಪ್ರತಿ ಅವರ ಬಳಿ ಇರುತ್ತದೆ. ಇದು ಹೆಮ್ಮೆಯ ಸಂಗತಿ. 2009ರಲ್ಲಿ ನಮ್ಮಲ್ಲಿ ಇದಾವುದೂ ಇರಲಿಲ್ಲ.

ಈ ಲೇಖನ ಹೊಳೆಯ ಕುರಿತದ್ದಲ್ಲ, ಹೊಳೆಯನ್ನು ಕಾಯುತ್ತ ಕುಳಿತವರ ಕುರಿತದ್ದು. ಇನ್ನೊಬ್ಬರ ಪ್ರಾಣ ಉಳಿಸಲು ಸದಾ ಸಿದ್ಧರಾಗಿರುವ ಈ ಬಂಧುಗಳಲ್ಲಿ ಕೆಲವರು ಸ್ವತಃ ರೋಗಿಗಳಾಗಿದ್ದಾರೆ. ಅವರ ರೋಗವನ್ನೇ ನಾವು ಅವರ ಗುಣವೆಂದು ಭಾವಿಸಿ, ಶಾಲು ಹೊದಿಸಿ ಸನ್ಮಾನಿಸುತ್ತ ಬಂದಿದ್ದೇವೆ. ಈ ತಪ್ಪಿನಲ್ಲಿ ನನ್ನ ಪಾಲು ದೊಡ್ಡದಾದುದರಿಂದ ಇದನ್ನು ಬರೆಯುವ ಅಧಿಕಾರ ನನಗಿದೆಯೆಂದು ತಿಳಿದಿದ್ದೇನೆ.

ಹೆಸರು ಬೇಡ. ಐವತ್ತು ದಾಟಿದ ಒಬ್ಬ ಒಕ್ಕಲಿಗ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಆ ಮಳೆಯನ್ನು ಉತ್ತರ ಕರ್ನಾಟಕದ ಯಾರೂ ಮರೆತಿಲ್ಲ. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನೀರಿನಲ್ಲಿ ಕೊಚ್ಚಿಹೋದವರಿಗಿಂತ ನೆನೆದ ಮಣ್ಣಿನ ಗೋಡೆಯ ಕೆಳಗೆ ಸಿಕ್ಕವರೇ ನಮ್ಮ ಕಡೆ ಹೆಚ್ಚು. ಆ ರಾತ್ರಿ ಇವರು ಮೊಳಕಾಲುದ್ದದ ಕೆಸರಿನಲ್ಲಿ ನಿಂತು ಕುಸಿದ ಮನೆಯೊಂದರಿಂದ ನಾಲ್ವರನ್ನು ಎಳೆದು ತೆಗೆದರು. ಐದನೆಯವಳು ಒಬ್ಬ ಮುದುಕಿ. ಆಕೆಯ ಕೈ ಇವರ ಕೈಯಲ್ಲಿತ್ತು, ಆಗ ಉಳಿದ ಗೋಡೆಯೂ ಬಿದ್ದಿತು. ಮರುವರ್ಷದಿಂದ ಇವರು ಊರಿನ ಪ್ರವಾಹ ಸಿದ್ಧತೆಯ ಹೊಣೆ ಹೊತ್ತರು. 2019ರ ಆಗಸ್ಟಿನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ಒಟ್ಟಿಗೆ ಉಕ್ಕಿ ರಾಮದುರ್ಗ, ಕೊಣ್ಣೂರು, ಪಟ್ಟದಕಲ್ಲಿನವರೆಗೂ ನೀರು ನುಗ್ಗಿದಾಗ, ಇವರ ಊರಿನಲ್ಲಿ ಒಂದು ಜೀವವೂ ಹೋಗಲಿಲ್ಲ. ನೀರು ಬರುವ ಮೊದಲೇ ಮನೆಮನೆಗೆ ಹೋಗಿ, ಬೈದು, ಬೇಡಿಕೊಂಡು, ಎಲ್ಲರನ್ನೂ ಎತ್ತರದ ಶಾಲೆಗೆ ಸಾಗಿಸಿದ್ದರು. ಮುಂದಿನ ಜಾತ್ರೆಯಲ್ಲಿ ಅವರಿಗೆ ಸನ್ಮಾನವಾಯಿತು. ಮೂರು ರಾತ್ರಿ ಕಣ್ಣು ಮುಚ್ಚದ ಧೀರ ಎಂದು ವೇದಿಕೆಯ ಮೇಲೆ ಹೊಗಳಿದವನು ನಾನೇ.

ಅದಾದ ಕೆಲವು ತಿಂಗಳಿಗೆ ಅವರು ಹೊಟ್ಟೆಯ ತೊಂದರೆಯೆಂದು ನನ್ನಲ್ಲಿಗೆ ಬಂದರು. ದಿನಕ್ಕೆ ಐದಾರು ಬಾರಿ ಭೇದಿ, ನಡುವೆ ಕೆಲವು ವಾರ ಏನೂ ಇಲ್ಲ, ಮತ್ತೆ ಭೇದಿ. ಗ್ರಹಣಿಯೆಂದು ನಿರ್ಣಯಿಸಿ ಕುಟಜಾರಿಷ್ಟ ಕೊಟ್ಟೆ, ಮಜ್ಜಿಗೆಯ ಪಥ್ಯ ಹೇಳಿದೆ. ಎರಡು ವರ್ಷ ಹೀಗೇ ನಡೆಯಿತು. ಕೊನೆಗೊಂದು ದಿನ ಅವರ ಮನೆಯವರು ಒಬ್ಬರೇ ಬಂದು ಕುಳಿತರು. “ಡಾಕ್ಟರ್ರೀ, ಇವರ ಹೊಟ್ಟಿ ಊಟಕ್ಕ ಕೆಡೂದಿಲ್ರಿ, ಮೋಡಕ್ಕ ಕೆಡತೈತಿ. ಮುಗಲು ಕಪ್ಪಾತಂದ್ರ ಮನ್ಯಾಗ ಇದ್ದೂ ಇರೂದಿಲ್ರಿ. ರಾತ್ರಿ ನಾಕ ಸಲ ಎದ್ದು ಗ್ವಾಡಿ ಮುಟ್ಟಿ ನೋಡ್ತಾರ. ಮಗ್ಗಲಾಗ ಹಗ್ಗ ಇಟ್ಕೊಂಡು ಮಲಗ್ತಾರ. ಮೊಮ್ಮಗನ ಕೈ ಹಿಡಿಯಂಗಿಲ್ರಿ, ಏನ ಅಂದ್ರೂ ಹಿಡಿಯಂಗಿಲ್ಲ” ಎಂದರು.

ಆ ತಾಯಿ ಹೇಳಿದ್ದು ನಮ್ಮ ಶಾಸ್ತ್ರದಲ್ಲಿ ಇಲ್ಲದ್ದೇನೂ ಅಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಅತಿಸಾರದ ಆರು ಬಗೆಗಳನ್ನು ಹೇಳುವಾಗ ದೋಷಗಳಿಂದಾಗುವ ನಾಲ್ಕರ ಜೊತೆಗೆ ಭಯದಿಂದಾಗುವುದು, ಶೋಕದಿಂದಾಗುವುದು ಎಂಬ ಎರಡನ್ನು ಪ್ರತ್ಯೇಕವಾಗಿ ಹೇಳಿದೆ. ಅವೆರಡಕ್ಕೂ ಮನಸ್ಸಿಗೆ ಹರ್ಷವನ್ನೂ ಆಶ್ವಾಸನೆಯನ್ನೂ ಕೊಡುವುದನ್ನು ಚಿಕಿತ್ಸೆಯಾಗಿ ವಿಧಿಸಿದೆ. ವಿದ್ಯಾರ್ಥಿಯಾಗಿದ್ದಾಗ ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದವನು ನಾನು. ಮೂವತ್ತು ವರ್ಷ ನಾಡಿ ಹಿಡಿದ ಮೇಲೂ ಎದುರಿಗೆ ಕುಳಿತ ಮನುಷ್ಯನಲ್ಲಿ ಅದನ್ನು ಕಾಣಲಿಲ್ಲ. ಏಕೆ ಕಾಣಲಿಲ್ಲ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಇಂದಿನ ವೈದ್ಯಕೀಯವು ಇದನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಕರೆಯುತ್ತದೆ. ಸಂಕ್ಷಿಪ್ತವಾಗಿ ಪಿಟಿಎಸ್‌ಡಿ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ಕಣ್ಣೆದುರಿಗಿದ್ದಾಗ, 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘವು ಈ ಹೆಸರನ್ನು ತನ್ನ ರೋಗಪಟ್ಟಿಗೆ ಸೇರಿಸಿತು. ಲಕ್ಷಣಗಳನ್ನು ಸ್ಥೂಲವಾಗಿ ಹೇಳುವುದಾದರೆ, ನಡೆದುಹೋದ ಘಟನೆ ಹಿಂದಿನದಾಗಿ ಉಳಿಯದೆ ಈಗಲೇ ನಡೆಯುತ್ತಿರುವಂತೆ ಕಣ್ಣಿಗೂ ಮೂಗಿಗೂ ಮೈಗೂ ಮತ್ತೆ ಮತ್ತೆ ಬರುತ್ತದೆ. ಅದನ್ನು ನೆನಪಿಸುವ ಸ್ಥಳ, ಮಾತು, ಸ್ಪರ್ಶಗಳಿಂದ ವ್ಯಕ್ತಿ ದೂರ ಸರಿಯುತ್ತಾನೆ. ಅಪಾಯ ಬಾಗಿಲಲ್ಲೇ ನಿಂತಿದೆಯೆಂಬಂತೆ ದೇಹ ಹಗಲಿರುಳು ಎಚ್ಚರದಲ್ಲಿರುತ್ತದೆ. ಸಣ್ಣ ಸದ್ದಿಗೆ ಬೆಚ್ಚುವುದು, ಸಿಡುಕು, ನಿದ್ರಾನಾಶ ಇವೆಲ್ಲ ಅದರ ಮಕ್ಕಳು. ದುರಂತದ ಬಳಿಕ ಕೆಲವು ವಾರ ಹೀಗಾಗುವುದು ಸಹಜ, ಹೆಚ್ಚಿನವರು ಯಾವ ಔಷಧವೂ ಇಲ್ಲದೆ ಸರಿಹೋಗುತ್ತಾರೆ. ತಿಂಗಳು ಕಳೆದರೂ ಬಿಡದೆ ಬಾಳನ್ನು ಕೆಡಿಸುತ್ತಿದ್ದರೆ ಮಾತ್ರ ಅದು ರೋಗ. ತಾನೇ ಸಂತ್ರಸ್ತನಾಗಿರಬೇಕೆಂದೂ ಇಲ್ಲ. ಶವಗಳನ್ನು ಎತ್ತುವ, ಅವಶೇಷಗಳನ್ನು ಹುಡುಕುವ ರಕ್ಷಣಾ ಕಾರ್ಯಕರ್ತರಿಗೂ ಇದು ತಗಲುತ್ತದೆಂಬುದನ್ನು 2013ರ ಪರಿಷ್ಕೃತ ರೋಗಪಟ್ಟಿಯು ಸ್ಪಷ್ಟವಾಗಿಯೇ ಹೇಳಿದೆ.

ಈಗ ನನ್ನ ಮಾತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತ ಭೂಮಿ ನಡುಗಿತು. ಹಿಂದಿನ ರಾತ್ರಿ ಗಣಪತಿಯನ್ನು ಕಳಿಸಿ ಬಂದು ಜನ ಗಾಢನಿದ್ರೆಯಲ್ಲಿದ್ದರು. ಮಣ್ಣು ಮೆತ್ತಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಎಲ್ಲವೂ ಮಲಗಿದವರ ಮೇಲೆಯೇ ಬಂದವು. ಸರಕಾರದ ಲೆಕ್ಕದಲ್ಲಿಯೇ ಏಳೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಶ್ರೀಮಠದಿಂದ ರೊಟ್ಟಿ, ಕಂಬಳಿ ತುಂಬಿದ ಲಾರಿಯಲ್ಲಿ ಹೊರಟ ಯುವಕರ ಜೊತೆ ವೈದ್ಯನೆಂದು ನಾನೂ ಹೋದೆ. ಆಗ ನನಗೆ ಮೂವತ್ತೊಂದು ವರ್ಷ. ಚಿಕಿತ್ಸೆಗೆ ಅಲ್ಲಿ ನನ್ನಿಂದ ಆದದ್ದು ಕಡಿಮೆ. ಆರು ದಿನ ಕಲ್ಲು ಸರಿಸುವುದು, ಹೊರುವುದು, ಚಿತೆಗೆ ಕಟ್ಟಿಗೆ ಒಟ್ಟುವುದು, ಇಷ್ಟೇ ಕೆಲಸ.

ಮನೆಗೆ ಮರಳಿದ ಮೇಲೆ ಬೆಳಗಿನ ಜಾವ ಮೂರೂವರೆಗೆ ಎಚ್ಚರವಾಗತೊಡಗಿತು. ಕಲ್ಲಿನ ಗೋಡೆಯ ಪಕ್ಕದಲ್ಲಿ ಮಲಗುವುದನ್ನು ಬಿಟ್ಟೆ. ತಲೆದಿಂಬಿನ ಕೆಳಗೆ ಟಾರ್ಚು ಇಡುವುದು ಅಭ್ಯಾಸವಾಯಿತು. ಬ್ರಾಹ್ಮೀ ಮುಹೂರ್ತದಲ್ಲಿ ಏಳುವ ಶಿಸ್ತು ಎಂದು ಹೇಳಿಕೊಂಡೆ, ಎಲ್ಲರೂ ನಂಬಿದರು, ನಾನೂ ನಂಬಿದೆ. ಪ್ರಥಮ ಚಿಕಿತ್ಸೆಯ ಶಿಬಿರಗಳನ್ನು ನಡೆಸುವ ಹುಮ್ಮಸ್ಸು ನನಗೆ ಬಂದದ್ದು ಆಗಲೇ. ಶಾಲೆಗಳಲ್ಲಿ, ಮಠದ ಆವರಣದಲ್ಲಿ, ಸಂತೆಯ ಕಟ್ಟೆಯಲ್ಲಿ ಎಷ್ಟೋ ಶಿಬಿರಗಳನ್ನು ನಡೆಸಿದ್ದೇನೆ. ಅವುಗಳಿಂದ ಜನಕ್ಕೆ ಉಪಯೋಗವಾಗಿದೆ. ಆದರೆ ಅವುಗಳ ಹಿಂದೆ ಸೇವಾಭಾವದ ಜೊತೆಗೆ ಹೆದರಿಕೆಯೂ ಇತ್ತು ಎಂದು ಒಪ್ಪಿಕೊಳ್ಳಲು ಇಪ್ಪತ್ತೆಂಟು ವರ್ಷ ಬೇಕಾಯಿತು. ಆ ಒಕ್ಕಲಿಗ ಬಂಧುವಿನ ರೋಗ ನನಗೆ ಏಕೆ ಕಾಣಲಿಲ್ಲವೆಂದರೆ, ಹಗ್ಗವನ್ನು ಪಕ್ಕದಲ್ಲಿಟ್ಟು ಮಲಗುವುದು ನನ್ನ ಕಣ್ಣಿಗೆ ರೋಗವಾಗಿ ತೋರುವಂತೆಯೇ ಇರಲಿಲ್ಲ.

ಸಿದ್ಧತೆ ಮತ್ತು ಈ ರೋಗ ಹೊರನೋಟಕ್ಕೆ ಅವಳಿ ಮಕ್ಕಳಂತಿವೆ. ಎರಡಕ್ಕೂ ಎಚ್ಚರ ಬೇಕು, ಎರಡೂ ಕೆಟ್ಟದ್ದನ್ನು ಮುಂದಾಗಿ ಊಹಿಸುತ್ತವೆ. ಬೇರ್ಪಡಿಸುವುದು ಹೇಗೆ? ನಾನು ಈಗ ರೋಗಿಗಳನ್ನು ಕೇಳುವ ಪ್ರಶ್ನೆ ಒಂದೇ: ಚೀಲ ಕಟ್ಟಿಯಾದ ಮೇಲೆ ನಿಮಗೆ ನಿದ್ರೆ ಬರುತ್ತದೆಯೇ? ಸಿದ್ಧತೆ ಮಾಡಿಕೊಂಡ ಆರೋಗ್ಯವಂತನಿಗೆ ಅಷ್ಟರಮಟ್ಟಿಗೆ ಮನಸ್ಸು ಹಗುರವಾಗುತ್ತದೆ. ರೋಗಿಯಾದವನು ಕಟ್ಟಿದ ಚೀಲವನ್ನು ಮಧ್ಯರಾತ್ರಿ ಬಿಚ್ಚಿ ಮತ್ತೆ ಕಟ್ಟುತ್ತಾನೆ. ಬೇಸಿಗೆಯಲ್ಲಿ ಜಲಾಶಯ ಬತ್ತಿದಾಗಲೂ ನೀರಿನ ಮಟ್ಟ ಕೇಳುತ್ತಾನೆ. ಮಗಳ ಮದುವೆಯ ಮಂಟಪದಲ್ಲಿ ಹೊರಗೆ ಹೋಗುವ ಬಾಗಿಲು ಎಲ್ಲಿದೆಯೆಂದು ಲೆಕ್ಕ ಹಾಕುತ್ತ, ಮಗಳ ಮುಖವನ್ನೇ ನೋಡದೆ ಕುಳಿತಿರುತ್ತಾನೆ. ಇವರನ್ನು ನೋಡಿ ಊರು, ಎಂಥ ಜವಾಬ್ದಾರಿಯ ಮನುಷ್ಯ ಎನ್ನುತ್ತದೆ. ಹಾಗೆ ಅನ್ನಿಸಿಕೊಂಡವನು ತನಗೆ ಕಾಯಿಲೆಯಿದೆಯೆಂದು ಯಾರ ಮುಂದೆ ಹೇಳಬೇಕು?

ವಿಪತ್ತಿಗೆ ಮೊದಲೇ ಸಿದ್ಧರಾಗಬೇಕೆಂಬ ವಿಚಾರ ನಮಗೆ ಹೊಸತಲ್ಲ. ಚರಕದ ವಿಮಾನಸ್ಥಾನದಲ್ಲಿ ಜನಪದೋಧ್ವಂಸ ಎಂಬ ಅಧ್ಯಾಯವಿದೆ. ಗಾಳಿ, ನೀರು, ನೆಲ, ಕಾಲ ಈ ನಾಲ್ಕೂ ಕೆಟ್ಟಾಗ ಇಡೀ ಜನಪದವೇ ನಾಶವಾಗುವ ಬಗೆಯನ್ನು ಅದು ವಿವರಿಸುತ್ತದೆ. ಪಾಂಚಾಲದ ಕಾಂಪಿಲ್ಯದಲ್ಲಿ ಗಂಗೆಯ ದಂಡೆಯ ಮೇಲೆ ನಡೆಯುತ್ತಿದ್ದ ಪುನರ್ವಸು ಆತ್ರೇಯರು ಶಿಷ್ಯ ಅಗ್ನಿವೇಶನಿಗೆ, ನೆಲ ತನ್ನ ಸಾರ ಕಳೆದುಕೊಳ್ಳುವ ಮೊದಲೇ ಮೂಲಿಕೆಗಳನ್ನು ಕಿತ್ತು ಸಂಗ್ರಹಿಸಿಡು ಎನ್ನುತ್ತಾರೆ. ಇದು ಸಿದ್ಧತೆಯ ಮಾತೇ. ಆದರೆ ಮೂಲಿಕೆ ಕಿತ್ತ ಶಿಷ್ಯರು ಆ ವಿಪತ್ತನ್ನು ಕಂಡ ಬಳಿಕ ಹೇಗೆ ಮಲಗಿದರು ಎಂಬುದು ಅಲ್ಲಿ ಇಲ್ಲ. ಇಂದಿನ ನಮ್ಮ ಸಮಿತಿಗಳ ಕಡತಗಳಲ್ಲಿಯೂ ಇಲ್ಲ. ವಿಪತ್ತು ನಿರ್ವಹಣಾ ಕಾಯ್ದೆ 2005ರಲ್ಲಿ ಬಂದಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2009ರಲ್ಲಿಯೇ ಮಾನಸಿಕ ಆರೋಗ್ಯದ ಕುರಿತು ಪ್ರತ್ಯೇಕ ಮಾರ್ಗಸೂಚಿಯನ್ನು ಹೊರಡಿಸಿತು. ಆಪದಾ ಮಿತ್ರ ಯೋಜನೆಯಡಿ ದೇಶದ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರನ್ನು ತರಬೇತುಗೊಳಿಸುವ ಗುರಿ ಇಟ್ಟುಕೊಳ್ಳಲಾಯಿತು. ಕಾಗದದ ಮೇಲೆ ಕೊರತೆಯಿಲ್ಲ. ನಮ್ಮ ಊರಿನ ಅಣಕು ಪ್ರದರ್ಶನದ ದಿನ ಹಗ್ಗ ಕಟ್ಟುವುದನ್ನು ಕಲಿಸುತ್ತಾರೆ, ಹಗ್ಗ ಕೈಬಿಟ್ಟ ನೆನಪಿನೊಂದಿಗೆ ಬದುಕುವುದನ್ನು ಕಲಿಸುವವರು ಯಾರೂ ಬಂದದ್ದನ್ನು ನಾನು ಕಂಡಿಲ್ಲ.

ಇದನ್ನು ಸಭೆಯೊಂದರಲ್ಲಿ ಹೇಳಿದಾಗ ಹಿರಿಯರೊಬ್ಬರು, ಸ್ವಯಂಸೇವಕರಿಗೆ ಮಾನಸಿಕ ಕಾಯಿಲೆ ಬರುತ್ತದೆಂದು ಹೇಳಿದರೆ ನಾಳೆ ಯಾರು ಮುಂದೆ ಬರುತ್ತಾರೆ ಡಾಕ್ಟರೇ ಎಂದು ಆಕ್ಷೇಪಿಸಿದರು. ಆಕ್ಷೇಪ ಗಂಭೀರವಾದದ್ದು. ನನ್ನ ಉತ್ತರವಿಷ್ಟೇ: ಈ ಕಾಯಿಲೆಯುಳ್ಳವರನ್ನು ಕೆಲಸದಿಂದ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಜನಕ್ಕೆ ಆ ಕೆಲಸವೇ ಆಧಾರ. ಅಂದು ಏನೂ ಮಾಡಲಾಗಲಿಲ್ಲವೆಂಬ ಕೊರಗಿಗೆ, ಇಂದು ಏನಾದರೂ ಮಾಡಬಲ್ಲೆನೆಂಬುದು ಔಷಧಿಯಂತೆ ಕೆಲಸ ಮಾಡುತ್ತದೆ. ಅದನ್ನು ಕಿತ್ತುಕೊಂಡರೆ ಅವರು ಇನ್ನಷ್ಟು ಕುಗ್ಗುತ್ತಾರೆ. ಕೈಗೆ ಗಾಯವಾದ ಒಕ್ಕಲಿಗನನ್ನು ಹೊಲದಿಂದ ಹೊರಹಾಕುವುದಿಲ್ಲ, ಗಾಯ ಮಾಯುವವರೆಗೆ ಗಳೆ ಹೊಡೆಯುವುದನ್ನು ಬಿಡಿಸಿ ಬಿತ್ತನೆಗೆ ಹಚ್ಚುತ್ತೇವೆ. ಅಷ್ಟೇ ವಿವೇಕವನ್ನು ಇಲ್ಲಿಯೂ ತೋರಬೇಕು.

ಹಾಗಾಗಿ ಮೊದಲು ನಿಲ್ಲಬೇಕಾದದ್ದು ನಿದ್ದೆಗೆಟ್ಟವರ ಸನ್ಮಾನ. ಸತತ ಮೂರು ರಾತ್ರಿ ಒಬ್ಬನನ್ನೇ ದುಡಿಸಿದ್ದು ಆತನ ಶೌರ್ಯಕ್ಕಿಂತ ನಮ್ಮ ವ್ಯವಸ್ಥೆಯ ದೋಷವನ್ನು ತೋರಿಸುತ್ತದೆ. ಪಾಳಿ ಹಾಕಬೇಕು, ಪಾಳಿ ಮುಗಿದವನನ್ನು ಮನೆಗೆ ಅಟ್ಟಬೇಕು. ಶವ ಎತ್ತುವ ಕೆಲಸಕ್ಕೆ ಒಬ್ಬನನ್ನೇ ಕಳಿಸಬಾರದು, ಎಳೆಯ ಹುಡುಗರನ್ನಂತೂ ಕೂಡದು. ಕೆಲಸ ಮುಗಿದ ಮೇಲೆ ಬಿಸಿನೀರಿನ ಸ್ನಾನ, ಬಿಸಿ ಪ್ರಸಾದ, ಪಕ್ಕದಲ್ಲಿ ಒಬ್ಬ ಸಂಗಾತಿ ಇರಲಿ. ಏನು ಕಂಡೆ, ಹೇಗಿತ್ತು ಹೇಳು ಎಂದು ಆಗಲೇ ಬಾಯಿ ಬಿಡಿಸಲು ಹೋಗಬೇಡಿ. ಒಂದೇ ಕೂಟದಲ್ಲಿ ಎಲ್ಲವನ್ನೂ ಹೊರಹಾಕಿಸಿದರೆ ರೋಗ ತಪ್ಪುತ್ತದೆಂಬ ನಂಬಿಕೆಯಿತ್ತು. ಅದು ತಪ್ಪಿಸುವುದಿಲ್ಲ, ಕೆಲವರಿಗೆ ಕೆಡುಕೇ ಆಗುತ್ತದೆಂದು ಈಗ ತಿಳಿದಿದೆ. ತಾನಾಗಿ ಹೇಳಿದರೆ ಕೇಳಬೇಕು, ಹೇಳದಿದ್ದರೆ ಚಹಾ ಕೊಟ್ಟು ಸುಮ್ಮನೆ ಕೂರಬೇಕು. ತಿಂಗಳು ಕಳೆದ ಮೇಲೆ ಪ್ರತಿಯೊಬ್ಬ ಸ್ವಯಂಸೇವಕನ ಮನೆಗೆ ಹೋಗಿ, ನಿದ್ರೆ ಹೇಗಿದೆ ಎಂದು ವಿಚಾರಿಸುವುದು ಸಮಿತಿಯ ಕೆಲಸವಾಗಬೇಕು. ದುರಂತದ ತಿಥಿ ಬರುವ ವಾರದಲ್ಲಿ ಮತ್ತೊಮ್ಮೆ ಹೋಗಬೇಕು. ಪ್ರಶ್ನೆಯನ್ನು ಆತನ ಮನೆಯವರಿಗೂ ಕೇಳಬೇಕು. ನನ್ನ ಅನುಭವದಲ್ಲಿ ಸತ್ಯ ಹೊರಬರುವುದು ಅಡುಗೆಮನೆಯ ಬಾಗಿಲಿನಿಂದಲೇ.

ಅಣಕು ಪ್ರದರ್ಶನದ ಬಗ್ಗೆಯೂ ಒಂದು ಮಾತು. ನೈಜವಾಗಿರಲೆಂದು ಮುನ್ಸೂಚನೆ ಕೊಡದೆ ಸೈರನ್ ಊದುವುದು, ಹಳೆಯ ಪ್ರವಾಹದ ಶವಗಳ ವಿಡಿಯೋ ತೋರಿಸುವುದು ಕೆಲವು ಉತ್ಸಾಹಿಗಳ ರೂಢಿ. ಚರಕವು ಉನ್ಮಾದದ ಚಿಕಿತ್ಸೆಯಲ್ಲಿ ರೋಗಿಯನ್ನು ಹೆದರಿಸುವ ತ್ರಾಸನವೆಂಬ ವಿಧಾನವನ್ನೂ ಹೇಳಿದೆ. ಶಾಸ್ತ್ರದ ಮೇಲೆ ನನಗೆ ಗೌರವವಿದ್ದರೂ ಅದನ್ನು ಇಂದು ಯಾರೂ ಅನುಸರಿಸಬಾರದೆಂದು ಸ್ಪಷ್ಟವಾಗಿ ಹೇಳುತ್ತೇನೆ. ಹೆದರಿದವನನ್ನು ಮತ್ತೆ ಹೆದರಿಸಿ ಗುಣಪಡಿಸಲಾಗದು. ದಿನ, ಗಂಟೆ ಡಂಗುರ ಹಾಕಿ, ಬೇಡವೆನ್ನುವವರಿಗೆ ದೂರವಿರಲು ಅವಕಾಶ ಕೊಟ್ಟು ಪ್ರದರ್ಶನ ಮಾಡಿದರೆ ಕಲಿಕೆಗೆ ಯಾವ ಕುಂದೂ ಇಲ್ಲ.

ಚಿಕಿತ್ಸೆಯ ವಿಷಯ. ಓದುಗರು ಆಯುರ್ವೇದದ ಯಾವ ಔಷಧವೆಂದು ಕೇಳುವುದು ಸಹಜ. ಅಭ್ಯಂಗ, ಶಿರೋಧಾರೆ, ಅಶ್ವಗಂಧ, ಬ್ರಾಹ್ಮಿ ಇವು ವಾತವನ್ನು ಶಮನಗೊಳಿಸಿ ನಿದ್ರೆಗೆ ನೆರವಾಗುತ್ತವೆ, ಕೊಡುತ್ತೇನೆ. ಆದರೆ ಇವುಗಳಿಂದಲೇ ಈ ರೋಗ ವಾಸಿಯಾಗುತ್ತದೆಂದು ಹೇಳಿದರೆ ಸುಳ್ಳಾಗುತ್ತದೆ. ಮನಸ್ಸಿನ ದೋಷಗಳಿಗೆ ಜ್ಞಾನ, ವಿಜ್ಞಾನ, ಧೈರ್ಯ, ಸ್ಮೃತಿ, ಸಮಾಧಿಗಳು ಔಷಧವೆಂದು ಚರಕ ಹೇಳುವಾಗ ಸ್ಮೃತಿಯನ್ನು ಸೇರಿಸಿದ್ದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಈ ರೋಗದಲ್ಲಿ ಕೆಟ್ಟಿರುವುದು ಸ್ಮೃತಿಯೇ. ಅಹಿತವಾದ ವಿಷಯಗಳಿಂದ ಮನಸ್ಸನ್ನು ತಡೆಯುವ ಸತ್ತ್ವಾವಜಯ ಚಿಕಿತ್ಸೆಯನ್ನು ನಮ್ಮವರು ಹಲವರು, ಆ ನೆನಪಿನ ಹತ್ತಿರವೇ ಸುಳಿಯಬೇಡ ಎಂದು ಅರ್ಥೈಸುತ್ತಾರೆ. ನನ್ನ ಮಟ್ಟಿಗೆ ಈ ಅರ್ಥ ಇಲ್ಲಿ ಸಲ್ಲದು. ನಿಪುಣ ಚಿಕಿತ್ಸಕರ ಜೊತೆಯಲ್ಲಿ, ಸುರಕ್ಷಿತವಾಗಿ, ಸ್ವಲ್ಪ ಸ್ವಲ್ಪವಾಗಿ ಆ ನೆನಪನ್ನು ಎದುರಿಸಿ ಅದನ್ನು ಹಿಂದಿನ ಕಾಲಕ್ಕೆ ಸೇರಿಸುವ ಮಾತಿನ ಚಿಕಿತ್ಸೆಗಳೇ ಇಂದು ಹೆಚ್ಚು ಫಲ ಕೊಟ್ಟಿರುವುದು. ಅಗತ್ಯವಿದ್ದಲ್ಲಿ ಮನೋವೈದ್ಯರು ಸರ್ಟ್ರಾಲಿನ್‌ನಂಥ ಮಾತ್ರೆಗಳನ್ನು ಕೊಡುತ್ತಾರೆ. ಅವನ್ನು ಯಾರದೋ ಮಾತು ಕೇಳಿ ನಡುವೆಯೇ ನಿಲ್ಲಿಸಬಾರದು, ನನ್ನ ಕಷಾಯಕ್ಕಾಗಿಯೂ ನಿಲ್ಲಿಸಬಾರದು. ಔಷಧಿ ಅಂಗಡಿಯಿಂದ ತಾವೇ ತಂದು ನುಂಗುವ ನಿದ್ರೆ ಗುಳಿಗೆ ಮತ್ತು ರಾತ್ರಿಯ ಕುಡಿತ, ಇವೆರಡೂ ಈ ರೋಗವನ್ನು ಬೇರು ಬಿಡಿಸುತ್ತವೆ. ನಮ್ಮ ಸ್ವಯಂಸೇವಕರಲ್ಲಿ ಎರಡನೆಯದು ಇದೆ, ಗೊತ್ತಿದ್ದೂ ನಾವು ಮಾತನಾಡುತ್ತಿಲ್ಲ.

ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಅಷ್ಟು ದೂರ ಹೋಗಲು ನಾಚಿಕೆಯೆನಿಸಿದರೆ 14416 ಎಂಬ ಸಂಖ್ಯೆಗೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯದು, ಹಗಲುರಾತ್ರಿ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಬದುಕು ಬೇಡವೆಂಬ ಮಾತು ಯಾರ ಬಾಯಲ್ಲಾದರೂ ಬಂದರೆ ಆ ರಾತ್ರಿ ಅವರನ್ನು ಒಬ್ಬರೇ ಬಿಡದೆ, ಬೆಳಗಾಗುವುದನ್ನು ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಆ ಬಂಧುವನ್ನು ನಾನೇ ಜೊತೆಯಲ್ಲಿ ಹೋಗಿ ಮನೋವೈದ್ಯರಿಗೆ ತೋರಿಸಿದೆ. ಹೊರಗೆ ಬೆಂಚಿನ ಮೇಲೆ ಕುಳಿತಾಗ ಕಿಲ್ಲಾರಿಯ ಸಂಗತಿಯನ್ನು ಅವರಿಗೆ ಹೇಳಿದೆ, ಮೊದಲ ಬಾರಿಗೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ನೀವೂ ಒಂದ ಚೀಟಿ ಮಾಡಸ್ರಿ, ಡಾಕ್ಟರ್ರ” ಎಂದರು. ಮಾಡಿಸಿದೆ. ಸುಮಾರು ಒಂದೂವರೆ ವರ್ಷದ ಚಿಕಿತ್ಸೆಯಲ್ಲಿ ಅವರ ಭೇದಿ ನಿಂತಿದೆ. ಮೋಡ ಕಟ್ಟಿದರೆ ಈಗಲೂ ಎದೆ ಬಡಿದುಕೊಳ್ಳುತ್ತದೆ, ಹಾಗೆಂದು ಬಾಯಿಬಿಟ್ಟು ಹೇಳುತ್ತಾರೆ. ನನ್ನ ಟಾರ್ಚು ತಲೆದಿಂಬಿನ ಕೆಳಗಿನಿಂದ ಕಿಟಕಿಯ ಗೂಡಿಗೆ ಹೋಗಿದೆ, ಅದಕ್ಕಿಂತ ದೂರ ಇನ್ನೂ ಹೋಗಿಲ್ಲ.

ಈ ವರ್ಷದ ಸಿದ್ಧತಾ ಸಭೆಯಲ್ಲಿ ಅವರು ಪಾಳಿಯ ಪಟ್ಟಿಯನ್ನು ತಾವೇ ಬರೆದರು. ರಾತ್ರಿ ಹೊಳೆಯ ಕಾವಲಿಗೆ ಆರು ಜನ ಯುವಕರು, ಇಬ್ಬಿಬ್ಬರಂತೆ, ನಾಲ್ಕು ತಾಸಿಗೊಮ್ಮೆ ಬದಲಿ. ತಮ್ಮ ಹೆಸರನ್ನು ದಾಸೋಹದ ಅಡುಗೆಮನೆಯ ಹಗಲಿನ ಪಾಳಿಗೆ ಹಾಕಿಕೊಂಡರು. ಯಾರೋ ಹುಡುಗ, “ಕಾಕಾ, ನೀವಿಲ್ಲದ ರಾತ್ರಿ ಹೆಂಗ್ರಿ?” ಎಂದ. “ಹಗ್ಗ ಎಲ್ಲೈತಿ ನಿನಗ ಗೊತ್ತೈತಿ ಹೌದಿಲ್ಲೋ? ಮತ್ತ?” ಎಂದು ಪಟ್ಟಿಯನ್ನು ಅವನ ಕೈಗೆ ಕೊಟ್ಟರು.